ಶಾಸಕರಿಗೆ ‘ಸೋಲನ್’ ಅನ್ನುವ ಹೆಸರು ಬಂದದ್ದು ಹೇಗೆ?

ಪ್ರಶ್ನೆ: ಅಮೆರಿಕದ ಹಳೆಯ ಪತ್ರಿಕೆಗಳ ಪುಟಗಳನ್ನು ಓದುವಾಗ ‘ಸೋಲನ್ಸ್ ಓಕೆ ಟ್ಯಾಕ್ಸ್ ಬಿಲ್’ ಅನ್ನುವ ಥರದ ತಲೆಬರಹಗಳು ಮತ್ತೆ ಮತ್ತೆ ಕಾಣುತ್ತವೆ. ಮೊದಲು ಇದು ಯಾರದೋ ಮನೆತನದ ಹೆಸರು ಅಂದುಕೊಂಡೆ. ಸುದ್ದಿ ಓದಿದರೆ ಆ ಹೆಸರಿನವರು ಯಾರೂ ಇಲ್ಲ. ಶಾಸಕರು ಅಂತ ಅರ್ಥ ಇರಬೇಕು ಅನಿಸಿತು. ಹಾಗಾದರೆ ಲೆಜಿಸ್ಲೇಟರ್ ಅನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಇದು ಗೌರವದ ಮಾತೋ, ಗೇಲಿಯೋ? ಇಂಗ್ಲಿಷಿನಲ್ಲಿ ಬರೆಯುವಾಗ ನಾನು ಬಳಸಬಹುದಾ? ಕನ್ನಡಕ್ಕೆ ತರುವಾಗ ಏನು ಬರೆಯಬೇಕು?

ಉತ್ತರ: ನಿಮ್ಮ ಊಹೆ ಸರಿ. ಸೋಲನ್ ಅಂದರೆ ಶಾಸನಸಭೆಯ ಸದಸ್ಯ. ಎಸ್, ಒ, ಎಲ್, ಒ, ಎನ್, ಇಷ್ಟೇ. ‘ಸೋ’ ಮೇಲೆ ಒತ್ತು ಕೊಟ್ಟು ‘ಲನ್’ ಅನ್ನು ಹಗುರವಾಗಿ ಹೇಳಬೇಕು. ಹಲವರಿದ್ದರೆ ಸೋಲನ್ಸ್. ಹೆಂಗಸರಿಗೂ ಗಂಡಸರಿಗೂ ಅದೇ ಪದ. ಮೇಲ್ಮನೆಯವರಿಗೂ ಕೆಳಮನೆಯವರಿಗೂ ಅದೇ. ಹಿಮಾಚಲ ಪ್ರದೇಶದ ಸೋಲನ್ ಊರಿಗೂ ಇದಕ್ಕೂ ಸಂಬಂಧ ಇಲ್ಲ. ಅದರ ಇಂಗ್ಲಿಷ್ ಕಾಗುಣಿತವೇ ಬೇರೆ.

ಆದರೆ ನಿಮಗೆ ಮೊದಲು ಅನಿಸಿದ್ದೂ ತಪ್ಪಲ್ಲ. ಇದು ನಿಜಕ್ಕೂ ಒಬ್ಬ ಮನುಷ್ಯನ ಹೆಸರು. ಸುಮಾರು 2,600 ವರ್ಷಗಳ ಹಿಂದೆ ಗ್ರೀಸಿನ ಅಥೆನ್ಸ್ ನಗರದಲ್ಲಿ ಬದುಕಿದ್ದ ಒಬ್ಬನದು. ಒಬ್ಬನ ಹೆಸರು ಅವನ ಗುಣಕ್ಕೆ ಹೆಸರಾಗುವುದು ನಮಗೇನೂ ಹೊಸದಲ್ಲ. ತುಂಬಾ ಕೊಡುವವನನ್ನು ಕರ್ಣ ಅನ್ನುತ್ತೇವೆ. ಒಳಗೊಳಗೇ ಕಡ್ಡಿ ಆಡಿಸುವವನನ್ನು ಶಕುನಿ ಅನ್ನುತ್ತೇವೆ. ಹಾಗೆಯೇ ಇಂಗ್ಲಿಷಿನವರು ಕಾನೂನು ಬಲ್ಲ ವಿವೇಕಿಯನ್ನು ‘ಅವನೊಬ್ಬ ಸೋಲನ್’ ಅಂದರು. 17ನೇ ಶತಮಾನದಲ್ಲೇ ಈ ಬಳಕೆ ಇತ್ತು. ಶಾಸನಸಭೆಯ ಯಾವುದೇ ಸದಸ್ಯ ಅನ್ನುವ ಅರ್ಥ ಆಮೇಲಿನದು. ಅದನ್ನು ಬೆಳೆಸಿದ್ದು ಅಮೆರಿಕದ ಪತ್ರಿಕೆಗಳು.

ಇಷ್ಟು ಹೇಳಿದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೂ ನಾನು ಇಲ್ಲಿಗೆ ನಿಲ್ಲಿಸಲಾರೆ. ಗೌರವವೋ ಗೇಲಿಯೋ ಅನ್ನುವುದು ಗೊತ್ತಾಗಬೇಕಾದರೆ ಆ ಮನುಷ್ಯ ಮಾಡಿದ್ದೇನು ಅಂತ ತಿಳಿದಿರಬೇಕು.

ಆಗಿನ ಅಥೆನ್ಸಿನ ಸುತ್ತಲಿನ ಸೀಮೆಗೆ ಅಟಿಕಾ ಅಂತ ಹೆಸರು. ಅಲ್ಲಿ ಬಡ ರೈತರ ಸ್ಥಿತಿ ಕೆಟ್ಟಿತ್ತು. ಸಾಲ ಮಾಡುವವನು ತನ್ನ ಮೈಯನ್ನೇ ಅಡವಿಡಬೇಕಿತ್ತು. ಸಾಲ ತೀರದಿದ್ದರೆ ಅವನೂ ಅವನ ಮಕ್ಕಳೂ ಸಾಲ ಕೊಟ್ಟವನ ಗುಲಾಮರಾಗುತ್ತಿದ್ದರು. ಕೆಲವರನ್ನು ಹಡಗು ಹತ್ತಿಸಿ ಹೊರನಾಡಿಗೆ ಮಾರುತ್ತಿದ್ದರು. ಹೊಲದಲ್ಲಿ ಒಂದು ಕಲ್ಲು ನೆಟ್ಟಿರುತ್ತಿತ್ತು. ಈ ನೆಲ ಋಣದಲ್ಲಿದೆ ಅನ್ನುವುದಕ್ಕೆ ಆ ಕಲ್ಲೇ ಗುರುತು. ಬೆಳಗಾದರೆ ರೈತ ಆ ಕಲ್ಲನ್ನು ನೋಡಿಕೊಂಡೇ ನೇಗಿಲು ಹೂಡಬೇಕು.

ಬಡವರು ದಂಗೆ ಏಳುವ ಹಂತಕ್ಕೆ ಬಂದಿದ್ದರು. ಸಿರಿವಂತರು ಹೆದರಿದ್ದರು. ಆಗ, ಕ್ರಿ.ಪೂ. 594ರಲ್ಲಿ, ಎರಡೂ ಕಡೆಯವರು ಒಪ್ಪಿ ಸೋಲನ್‌ನನ್ನು ಆರ್ಕನ್ ಅಂದರೆ ಮುಖ್ಯಾಧಿಕಾರಿಯನ್ನಾಗಿ ಆರಿಸಿದರು. ಜಗಳ ಬಿಡಿಸು, ಕಾನೂನು ಬರೆದುಕೊಡು ಅಂತ ಪೂರ್ತಿ ಅಧಿಕಾರ ಕೊಟ್ಟರು. ಅವನು ಆ ಸಾಲಗಳನ್ನು ರದ್ದು ಮಾಡಿದ. ಇನ್ನು ಮುಂದೆ ಯಾರೂ ಮನುಷ್ಯರ ಮೈ ಅಡವಿಟ್ಟುಕೊಂಡು ಸಾಲ ಕೊಡುವಂತಿಲ್ಲ ಅಂದ. ಗ್ರೀಕರು ಇದನ್ನು ‘ಸೈಸಾಕ್ಥೆಯಾ’ ಅಂತ ಕರೆದರು. ಹೊರೆ ಕೊಡವಿ ಕೆಳಗೆ ಹಾಕುವುದು ಅಂತ ಅದರ ಅರ್ಥ.

ಸೋಲನ್ ಕವಿಯೂ ಆಗಿದ್ದ. ತಾನು ಮಾಡಿದ್ದನ್ನು ಪದ್ಯದಲ್ಲೇ ಬರೆದಿಟ್ಟ. ಅವುಗಳಲ್ಲಿ ಒಂದು ಪದ್ಯ ನನಗೆ ತುಂಬಾ ಹಿಡಿಸಿದ್ದು. ಅದರಲ್ಲಿ ಅವನು ಕಪ್ಪು ಮಣ್ಣಿನ ಭೂತಾಯಿಯನ್ನು ಸಾಕ್ಷಿಗೆ ಕರೆಯುತ್ತಾನೆ. ಅವಳ ಮೈಮೇಲೆ ನೆಟ್ಟಿದ್ದ ಕಲ್ಲುಗಳನ್ನು ನಾನು ಕಿತ್ತೆ, ಮೊದಲು ದಾಸಿಯಾಗಿದ್ದವಳು ಈಗ ಸ್ವತಂತ್ರಳು ಅನ್ನುತ್ತಾನೆ. ಮುಂದುವರಿದು, ದೂರ ದೇಶಕ್ಕೆ ಮಾರಾಟವಾಗಿ ಹೋದವರನ್ನು ವಾಪಸ್ ಕರೆತಂದೆ ಅನ್ನುತ್ತಾನೆ. ಅವರಲ್ಲಿ ಕೆಲವರು ಎಷ್ಟು ಕಾಲ ಅಲೆದಿದ್ದರು ಅಂದರೆ, ತಮ್ಮ ಅಟಿಕಾದ ನುಡಿಯನ್ನೇ ಆಡಲಾರದವರಾಗಿದ್ದರಂತೆ. ಸಾಲದ ಲೆಕ್ಕ ಹೇಳುವಾಗ ಕಳೆದುಹೋದ ಮಾತಿನ ಲೆಕ್ಕವನ್ನೂ ಹೇಳಿದವನು ಅವನು. ಆ ಸಾಲಿಗೆ ಬಂದಾಗಲೆಲ್ಲ ನಾನು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ.

ಇದೇ ಪದ್ಯವನ್ನು ಉದ್ದಕ್ಕೆ ಉಳಿಸಿಕೊಟ್ಟದ್ದು ಅಥೆನ್ಸಿನ ಸಂವಿಧಾನದ ಬಗ್ಗೆ ಅರಿಸ್ಟಾಟಲ್ ಹೆಸರಿನಲ್ಲಿ ಬಂದಿರುವ ಗ್ರಂಥ. ಅದು ಈಜಿಪ್ಟಿನಲ್ಲಿ ಸಿಕ್ಕ ಪಪೈರಸ್ ಅಂದರೆ ಜೊಂಡಿನ ಹಾಳೆಯ ಸುರುಳಿಗಳಿಂದ ಓದಿ 1891ರಲ್ಲಿ ಅಚ್ಚಾಯಿತು.

ಸೋಲನ್ ಎಲ್ಲರನ್ನೂ ಮೆಚ್ಚಿಸಲಿಲ್ಲ. ಸಾಲ ಕಳೆದುಕೊಂಡ ಸಿರಿವಂತರಿಗೆ ಸಿಟ್ಟು. ಭೂಮಿಯನ್ನು ಎಲ್ಲರಿಗೂ ಸಮನಾಗಿ ಹಂಚುತ್ತಾನೆ ಅಂತ ಕಾದಿದ್ದ ಬಡವರಿಗೂ ಸಿಟ್ಟು. ಅವನ ವಿರೋಧಿಗಳಿಗೆ ದೊಡ್ಡ ಅಸ್ತ್ರವಾದ ಒಂದು ಸಂಗತಿಯನ್ನು, ಅವನ ಜೀವನಚರಿತ್ರೆ ಬರೆದ ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದಿದ್ದಾನೆ. ಸಾಲ ರದ್ದಾಗುತ್ತದೆ, ಭೂಮಿಗೆ ಕೈ ಹಾಕುವುದಿಲ್ಲ ಅನ್ನುವುದನ್ನು ಸೋಲನ್ ತನ್ನ ಆಪ್ತರಿಗೆ ಮೊದಲೇ ಹೇಳಿದ್ದನಂತೆ. ಅವರು ಓಡಿಹೋಗಿ ದೊಡ್ಡ ಮೊತ್ತದ ಸಾಲ ತಂದು ಭೂಮಿ ಕೊಂಡರು. ಆಮೇಲೆ ಕಾನೂನು ಬಂತು. ಸಾಲ ಹೋಯಿತು, ಭೂಮಿ ಉಳಿಯಿತು. ಸೋಲನ್ ಕೂಡ ಇದರಲ್ಲಿ ಪಾಲುದಾರ ಅಂತ ಜನ ಮಾತಾಡಿಕೊಂಡರು. ಆದರೆ ಸ್ವತಃ ಅವನೇ ಬೇರೆಯವರಿಗೆ ಐದು ಟ್ಯಾಲೆಂಟ್ (ಆಗಿನ ಲೆಕ್ಕದಲ್ಲಿ ದೊಡ್ಡ ಮೊತ್ತ) ಸಾಲ ಕೊಟ್ಟಿದ್ದ. ತನ್ನ ಕಾನೂನಿನ ಪ್ರಕಾರ ಆ ಹಣವನ್ನು ಮೊದಲು ಬಿಟ್ಟುಕೊಟ್ಟವನು ಅವನೇ ಅಂತ ಗೊತ್ತಾದಾಗ ಆ ಮಾತು ಅಡಗಿತು.

ಅವನ ಕಾನೂನುಗಳನ್ನು ಮರದ ಹಲಗೆಗಳ ಮೇಲೆ ಕೆತ್ತಿದ್ದರು. ತಿರುಗಿಸಿ ಓದುವ ಹಾಗೆ ಅಚ್ಚುಗಳ ಮೇಲೆ ಅವನ್ನು ಕೂರಿಸಿದ್ದರು. ಏಳು ಶತಮಾನ ಕಳೆದ ಮೇಲೆ, ಪ್ಲೂಟಾರ್ಕ್‌ನ ಕಾಲದಲ್ಲೂ, ಅವುಗಳ ಚೂರುಗಳು ಅಥೆನ್ಸಿನಲ್ಲಿ ಉಳಿದಿದ್ದವು. ಆ ಕಾನೂನುಗಳಲ್ಲಿ ಕೆಲವು ಇವತ್ತಿಗೂ ಯೋಚನೆಗೆ ಹಚ್ಚುತ್ತವೆ. ಮಗನಿಗೆ ಒಂದು ಕಸುಬು ಕಲಿಸದ ತಂದೆಯನ್ನು ಮುಪ್ಪಿನಲ್ಲಿ ಸಾಕುವ ಹೊಣೆ ಮಗನಿಗಿಲ್ಲ ಅನ್ನುತ್ತದೆ ಒಂದು ಕಾನೂನು. ಅನ್ಯಾಯ ಆದವನ ಪರವಾಗಿ ಯಾವ ನಾಗರಿಕ ಬೇಕಾದರೂ ದೂರು ಕೊಡಬಹುದು ಅನ್ನುತ್ತದೆ ಇನ್ನೊಂದು.

ಇನ್ನು, ಅವನ ಹೆಸರು ಉಳಿಯಲು ನಿಜವಾದ ಕಾರಣ ಇದು ಅಂತ ನನ್ನ ಭಾವನೆ. ಕಾನೂನು ಬರೆದ ಮೇಲೆ ಅವನು ಅಧಿಕಾರದಲ್ಲಿ ಕೂರಲಿಲ್ಲ. ಮನಸ್ಸು ಮಾಡಿದ್ದರೆ ಸರ್ವಾಧಿಕಾರಿ ಆಗಬಹುದಿತ್ತು. ಹಾಗೆ ಆಗು ಅಂತ ಒತ್ತಾಯಿಸಿದವರೂ ಇದ್ದರು. ಅವನು ಹತ್ತು ವರ್ಷ ಊರು ಬಿಟ್ಟು ಹೊರಟುಹೋದ. ಈಜಿಪ್ಟ್, ಸೈಪ್ರಸ್ ಎಲ್ಲ ಸುತ್ತಿದ. ಅವನ ಒಪ್ಪಿಗೆ ಇಲ್ಲದೆ ಹತ್ತು ವರ್ಷ ಯಾವ ಕಾನೂನನ್ನೂ ಬದಲಿಸುವುದಿಲ್ಲ ಅಂತ ಅಥೆನ್ಸಿನವರು ಆಣೆ ಮಾಡಿದ್ದರು, ಹಾಗಾಗಿಯೇ ಅವನು ಕಣ್ಣಿಗೆ ಬೀಳದ ಹಾಗೆ ದೂರ ಹೋದ ಅಂತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ. ಊರಲ್ಲೇ ಇದ್ದಿದ್ದರೆ ದಿನಾ ಒಬ್ಬರು ಬಂದು ‘ಇದೊಂದನ್ನು ಸ್ವಲ್ಪ ತಿದ್ದು’ ಅಂತ ಕೂರುತ್ತಿದ್ದರು. ಅಥೆನ್ಸಿನವರಿಗೆ ಅತ್ಯುತ್ತಮ ಕಾನೂನು ಕೊಟ್ಟೆಯಾ ಅಂತ ಯಾರೋ ಕೇಳಿದ್ದಕ್ಕೆ, ಅವರು ಒಪ್ಪಿಕೊಳ್ಳಬಲ್ಲವುಗಳಲ್ಲಿ ಅತ್ಯುತ್ತಮವಾದದ್ದನ್ನು ಕೊಟ್ಟೆ ಅಂದನಂತೆ. ಶಾಸನಸಭೆಯಲ್ಲಿ ಒಂದು ಮಸೂದೆ ಹಿಡಿದು ಓಡಾಡಿದವರಿಗೆ ಈ ಉತ್ತರದ ತೂಕ ಚೆನ್ನಾಗಿ ಗೊತ್ತಿರುತ್ತದೆ.

ಇಂಥವನ ಹೆಸರು ಅಮೆರಿಕದ ತಲೆಬರಹಕ್ಕೆ ಹತ್ತಿದ್ದು ಯಾಕೆ? ಕಾರಣ ತೀರಾ ಸರಳ. ಜಾಗ ಇರಲಿಲ್ಲ. ಹಳೆಯ ಪತ್ರಿಕೆಗಳಲ್ಲಿ ಅಂಕಣಗಳು ಕಿರಿದು, ತಲೆಬರಹದ ಅಕ್ಷರ ದಪ್ಪ. ಉಪಸಂಪಾದಕರು ಒಂದೊಂದು ಸಾಲಿಗೂ ಅಕ್ಷರ ಎಣಿಸಬೇಕಿತ್ತು. ಕಾಂಗ್ರೆಸ್‌ಮನ್ ಅಂತ ಬರೆಯಲು ಇಂಗ್ಲಿಷಿನಲ್ಲಿ ಹನ್ನೊಂದು ಅಕ್ಷರ ಬೇಕು. ಲೆಜಿಸ್ಲೇಟರ್‌ಗೆ ಹತ್ತು. ಲಾಮೇಕರ್‌ಗೆ ಎಂಟು. ಸೆನೆಟರ್‌ಗೆ ಏಳು. ಸೋಲನ್‌ಗೆ ಐದೇ. ಅದರಲ್ಲೂ ಸಣ್ಣ ‘ಎಲ್’ ತೀರಾ ತೆಳ್ಳಗಿನ ಅಕ್ಷರ, ಎಣಿಕೆಯಲ್ಲಿ ಅದಕ್ಕೆ ಅರ್ಧ ಜಾಗವೇ ಲೆಕ್ಕ. ಇನ್ನೊಂದು ಅನುಕೂಲವೂ ಇತ್ತು. ಕಾಂಗ್ರೆಸ್‌ಮನ್ ಅಂದರೆ ವಾಡಿಕೆಯಲ್ಲಿ ಕೆಳಮನೆಯವನು ಮಾತ್ರ, ಸೆನೆಟರ್ ಅಂದರೆ ಮೇಲ್ಮನೆಯವನು ಮಾತ್ರ. ಎರಡೂ ಮನೆಯವರನ್ನು ಒಟ್ಟಿಗೆ ಹೇಳಬೇಕಾದಾಗ ಸೋಲನ್ಸ್ ಅಂದರೆ ಕೆಲಸ ಮುಗಿಯಿತು.

ಹಾಗಾಗಿ ಇದು ಬಾಯಿಮಾತಿನ ಪದ ಅಲ್ಲ, ತಲೆಬರಹದ ಪದ. ಇದನ್ನು ನೀವು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ನಮ್ಮ ಪತ್ರಿಕೆಗಳಲ್ಲೂ ಇಂಥವು ಇವೆ ಅಲ್ವಾ? ‘ಯೋಜನೆಗೆ ಸಂಪುಟ ಅಸ್ತು’ ಅಂತ ದಿನಾ ಓದುತ್ತೇವೆ. ಆದರೆ ಮನೆಯಲ್ಲಿ ಯಾರೂ ‘ಅಪ್ಪ ಪ್ರವಾಸಕ್ಕೆ ಅಸ್ತು ಅಂದರು’ ಅನ್ನುವುದಿಲ್ಲ. ಒಪ್ಪಿದರು ಅನ್ನುತ್ತೇವೆ. ‘ಇಬ್ಬರು ಸಚಿವರಿಗೆ ಕೊಕ್’ ಅನ್ನುವುದೂ ಹಾಗೆಯೇ. ಸುದ್ದಿಯ ಒಳಗೆ ಹೋದರೆ ಕೈಬಿಡಲಾಗಿದೆ ಅಂತ ಇರುತ್ತದೆ. ಸೋಲನ್ ಕೂಡ ತಲೆಬರಹದಲ್ಲಿ ಕಾಣಿಸಿಕೊಂಡು, ಸುದ್ದಿಯ ಮೊದಲ ಸಾಲಿಗೆ ಬರುವ ಹೊತ್ತಿಗೆ ಸೆನೆಟರ್ ಆಗಿಯೋ ರೆಪ್ರೆಸೆಂಟೇಟಿವ್ ಆಗಿಯೋ ಬದಲಾಗಿರುತ್ತದೆ. ಸುದ್ದಿಯಲ್ಲಿ ಆ ಹೆಸರಿನವರು ನಿಮಗೆ ಸಿಗದೇ ಇದ್ದದ್ದು ಇದಕ್ಕೇ.

ಅಮೆರಿಕದಲ್ಲೇ ಈಗ ಇದರ ಬಳಕೆ ತುಂಬಾ ಕಡಿಮೆಯಾಗಿದೆ. ಲಾಮೇಕರ್ ಅದರ ಜಾಗ ಹಿಡಿದಿದೆ. ಸೋಲನ್ ಇನ್ನೂ ಬಿಸಿಬಿಸಿಯಾಗಿ ಓಡಾಡುತ್ತಿರುವುದು ಫಿಲಿಪೀನ್ಸ್‌ನ ಇಂಗ್ಲಿಷ್ ಪತ್ರಿಕೆಗಳಲ್ಲಿ. ಆ ದೇಶ 1898ರಿಂದ 1946ರವರೆಗೆ ಅಮೆರಿಕದ ಕೈಯಲ್ಲಿತ್ತು. ಅಲ್ಲಿನ ಪತ್ರಿಕಾ ಇಂಗ್ಲಿಷ್ ಅಮೆರಿಕದ ಮಾದರಿಯಲ್ಲೇ ಬೆಳೆಯಿತು. ಅಲ್ಲೂ ಸೆನೆಟ್ ಮತ್ತು ಪ್ರತಿನಿಧಿ ಸಭೆ ಅಂತ ಎರಡು ಮನೆ ಇವೆ. ಎರಡನ್ನೂ ಒಂದೇ ಪದದಲ್ಲಿ ಹಿಡಿಯುವ ಅಗತ್ಯ ಅಲ್ಲೂ ಇದೆ. ಬ್ರಿಟಿಷ್ ಪತ್ರಿಕೆಗಳಿಗೆ ಈ ರೂಢಿ ಹತ್ತಲಿಲ್ಲ. ಅವರದು ಎಂಪಿ ಅನ್ನುವ ಎರಡಕ್ಷರದಲ್ಲೇ ಮುಗಿಯುತ್ತದೆ. ನಮ್ಮ ದೇಶದ ಇಂಗ್ಲಿಷ್ ಬ್ರಿಟಿಷರ ದಾರಿ ಹಿಡಿದದ್ದು. ಎಂಎಲ್ಎ, ಎಂಎಲ್‌ಸಿ, ಎಂಪಿ ಇರುವಾಗ ಸೋಲನ್ ಬೇಕಾಗಲಿಲ್ಲ. ಇಲ್ಲಿ ಅದು ಕಣ್ಣಿಗೆ ಬೀಳುವುದು ವಿರಳ.

ಇನ್ನು ಗೌರವವೋ ಗೇಲಿಯೋ ಅನ್ನುವ ಪ್ರಶ್ನೆ. ತಲೆಬರಹದಲ್ಲಿ ಎರಡೂ ಅಲ್ಲ. ಅಲ್ಲಿ ಅದು ಬರೀ ಒಂದು ಗುರುತು. ಆದರೆ ಲೇಖನದ ಒಳಗೆ, ಪೂರ್ತಿ ವಾಕ್ಯದಲ್ಲಿ ಬಂದರೆ ಎಚ್ಚರಿಕೆಯಿಂದ ಓದಿ. ‘ನಮ್ಮ ವಿವೇಕಿ ಸೋಲನ್‌ಗಳು’ ಅಂತ ಯಾರಾದರೂ ಬರೆದಿದ್ದರೆ ಅದು ಬಹುಪಾಲು ಚುಚ್ಚುಮಾತು. ನಮ್ಮ ಹರಿಶ್ಚಂದ್ರನ ಗತಿಯೂ ಹೀಗೇ ಆಯಿತಲ್ಲ. ‘ಅವನು ಸತ್ಯಹರಿಶ್ಚಂದ್ರ’ ಅನ್ನುವುದು ಒಂದು ಕಾಲಕ್ಕೆ ಹೊಗಳಿಕೆ. ಈಗ ‘ಇವನೊಬ್ಬ ಹರಿಶ್ಚಂದ್ರ ಬಂದ’ ಅಂದರೆ ಅರ್ಥ ತಿರುಗುಮುರುಗು. ದೊಡ್ಡ ಹೆಸರನ್ನು ಕಂಡಕಂಡವರಿಗೆ ಕೊಟ್ಟಾಗ ಅದು ಸವೆಯುತ್ತದೆ. ನನಗೆ ಇದರ ಬಗ್ಗೆ ನಿಜವಾಗಿಯೂ ಬೇಸರ ಇದೆ. ಅಧಿಕಾರ ಬಿಟ್ಟು ಹೊರಟವನ ಹೆಸರನ್ನು ಸುಮ್ನೆ ಜಾಗ ಉಳಿಸುವುದಕ್ಕೆ ಬಳಸಿದಾಗ, ಓದುವವರಿಗೆ ಆ ಮನುಷ್ಯನ ನೆನಪೂ ಉಳಿಯುವುದಿಲ್ಲ.

ಪಕ್ಕದಲ್ಲೇ ಇನ್ನೊಂದು ಪದ ಇಟ್ಟು ನೋಡಿ. ಸೋಲನ್‌ಗಿಂತ ಸುಮಾರು ಒಂದು ತಲೆಮಾರು ಮುಂಚೆ, ಕ್ರಿ.ಪೂ. 621ರ ಹೊತ್ತಿಗೆ, ಅದೇ ಅಥೆನ್ಸಿಗೆ ಡ್ರೇಕೋ ಅನ್ನುವವನು ಕಾನೂನು ಬರೆದಿದ್ದ. ಸಣ್ಣಪುಟ್ಟ ಕಳ್ಳತನಕ್ಕೂ ಮರಣದಂಡನೆ. ಆ ಕಾನೂನುಗಳನ್ನು ಶಾಯಿಯಲ್ಲಲ್ಲ, ರಕ್ತದಲ್ಲಿ ಬರೆದದ್ದು ಅಂತ ಆಮೇಲೆ ಜನ ಹೇಳುತ್ತಿದ್ದರು. ಸೋಲನ್ ಬಂದವನೇ ಕೊಲೆಗೆ ಸಂಬಂಧಿಸಿದ್ದನ್ನು ಬಿಟ್ಟು ಉಳಿದೆಲ್ಲವನ್ನೂ ತೆಗೆದುಹಾಕಿದ. ಇವತ್ತು ಏನಾಗಿದೆ ನೋಡಿ. ಡ್ರೇಕೋನಿಯನ್ ಅನ್ನುವ ಪದ ಲೋಕದ ಎಲ್ಲ ಇಂಗ್ಲಿಷ್ ಪತ್ರಿಕೆಗಳಲ್ಲೂ ಇದೆ. ನಾವು ಅದನ್ನು ಕರಾಳ ಕಾನೂನು ಅಂತ ಕನ್ನಡಿಸಿಕೊಂಡಿದ್ದೇವೆ. ಆ ಕರಾಳ ಕಾನೂನನ್ನು ಕಿತ್ತವನ ಹೆಸರಿಗೆ ಮಾತ್ರ ನೀವು ಪ್ರಶ್ನೆ ಕೇಳಬೇಕಾಗಿ ಬಂತು.

ಸಮಾನಪದಗಳ ನಡುವಿನ ವ್ಯತ್ಯಾಸಕ್ಕೆ ಬರೋಣ. ಲೆಜಿಸ್ಲೇಟರ್ ಮತ್ತು ಲಾಮೇಕರ್ ಎರಡೂ ಒಂದೇ ಕೆಲಸದವರು. ಮೊದಲನೆಯದು ಕಾಗದಪತ್ರದ ಮಾತು, ಎರಡನೆಯದು ಸುದ್ದಿಯ ಮಾತು. ಲಾಗಿವರ್ ಅನ್ನುವುದು ಬೇರೆಯೇ. ಇಡೀ ಜನಕ್ಕೆ ಒಂದು ಕಾನೂನಿನ ಕಟ್ಟನ್ನೇ ಕೊಟ್ಟವನು ಲಾಗಿವರ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಸ್ಮೃತಿಕಾರ. ಬ್ಯಾಬಿಲೋನಿನ ರಾಜ ಹಮ್ಮುರಾಬಿ, ಯಹೂದಿಗಳ ಮೋಸೆಸ್, ಸೋಲನ್ ಎಲ್ಲ ಈ ಸಾಲಿನವರು. ಲಾಮೇಕರ್ ಹಾಗಲ್ಲ. ನೂರಾರು ಜನರ ಸಭೆಯಲ್ಲಿ ಅವನದೂ ಒಂದು ವೋಟು. ಅಂದರೆ, ಕಾನೂನು ಕೊಟ್ಟವನ ಹೆಸರನ್ನು ಕಾನೂನಿಗೆ ಕೈ ಎತ್ತುವವರಿಗೆ ಇಟ್ಟಿದ್ದಾರೆ. ಅಮೆರಿಕದ ಪ್ರತಿನಿಧಿ ಸಭೆಯ ಗೋಡೆಯ ಮೇಲೆ, ಗ್ಯಾಲರಿಯ ಬಾಗಿಲುಗಳ ಮೇಲ್ಗಡೆ, ಇಂಥ 23 ಸ್ಮೃತಿಕಾರರ ಅಮೃತಶಿಲೆಯ ಮುಖಗಳಿವೆ. ಸೋಲನ್ ಅವರಲ್ಲೊಬ್ಬ. ಮೇಲೆ ಅವನ ಮುಖ, ಕೆಳಗೆ ಅವನ ಹೆಸರಿನಿಂದ ಕರೆಸಿಕೊಳ್ಳುವವರು.

ನೀವು ಬಳಸಬಹುದಾ? ಇಂಗ್ಲಿಷಿನಲ್ಲಿ ವರದಿ, ಪತ್ರ, ಅರ್ಜಿ ಬರೆಯುವಾಗ ಬೇಡ. ಓದುವವರಲ್ಲಿ ಹೆಚ್ಚಿನವರಿಗೆ ಅರ್ಥ ಆಗುವುದಿಲ್ಲ. ಅರ್ಥ ಆದವರಿಗೆ ನೀವು ಚುಚ್ಚುತ್ತಿದ್ದೀರಿ ಅನಿಸಬಹುದು. ಲೆಜಿಸ್ಲೇಟರ್ ಅಂತಲೇ ಬರೆಯಿರಿ. ಬಳಸಲೇಬೇಕು ಅಂದರೆ ಮೊದಲ ಅಕ್ಷರ ಚಿಕ್ಕದಿರಲಿ. ದೊಡ್ಡಕ್ಷರ ಹಾಕಿದರೆ ಅದು ಅಥೆನ್ಸಿನವನು. ಹೆಸರಿನ ಹಿಂದೆ ಪದವಿಯ ಹಾಗೆ ಸೇರಿಸಬೇಡಿ. ಸೆನೆಟರ್ ಇಂಥವರು ಅನ್ನಬಹುದು, ಸೋಲನ್ ಇಂಥವರು ಅನ್ನುವಂತಿಲ್ಲ. ನ್ಯಾಯಾಧೀಶರಿಗೂ ಅಧಿಕಾರಿಗಳಿಗೂ ಈ ಪದ ಸಲ್ಲುವುದಿಲ್ಲ.

ತಲೆಬರಹದಲ್ಲಿ ಎಲ್ಲ ಪದಗಳಿಗೂ ದೊಡ್ಡಕ್ಷರ ಹಾಕುವ ಪದ್ಧತಿ ಇರುವುದರಿಂದ ಎಡವುವುದು ಸುಲಭ. ನಾನು ತಿದ್ದಿದ ಒಂದು ಅನುವಾದದಲ್ಲಿ ‘ಸೋಲನ್ ಎಂಬುವವರು ಮಸೂದೆಗೆ ಒಪ್ಪಿಗೆ ನೀಡಿದ್ದಾರೆ’ ಅಂತ ಇತ್ತು. ಬರೆದವರು ಜಾಣರೇ. ಪದ ಗೊತ್ತಿರಲಿಲ್ಲ, ಅಷ್ಟೆ. ಇನ್ನೊಬ್ಬರು ಅದನ್ನು ಸಾಲೊಮನ್ ಅಂತ ಓದಿಕೊಂಡಿದ್ದರು. ಸಾಲೊಮನ್ ಇಸ್ರೇಲಿನ ರಾಜ. ವಿವೇಕಕ್ಕೆ ಅವನೂ ಹೆಸರಾದವನು, ಆದರೆ ಶಾಸಕರನ್ನು ಅವನ ಹೆಸರಿನಿಂದ ಯಾರೂ ಕರೆಯುವುದಿಲ್ಲ.

ಕನ್ನಡಕ್ಕೆ ತರುವಾಗ ನಮಗೆ ಕಷ್ಟವೇ ಇಲ್ಲ. ಶಾಸಕ ಮೂರು ಅಕ್ಷರ. ಸಂಸದ ಮೂರು ಅಕ್ಷರ. ಇಂಗ್ಲಿಷಿನವರು ಗ್ರೀಸಿಗೆ ಹೋಗಿ ತಂದ ಚಿಕ್ಕ ಪದ ನಮ್ಮಲ್ಲಿ ಮನೆಯಲ್ಲೇ ಇದೆ. ಅದರ ಬೇರೂ ಚೆನ್ನಾಗಿದೆ. ಶಾಸಕ, ಶಾಸನ, ಶಾಸ್ತ್ರ, ಶಿಷ್ಯ ಎಲ್ಲ ಒಂದೇ ಸಂಸ್ಕೃತ ಧಾತುವಿನವು. ಆಜ್ಞೆ ಮಾಡು ಅನ್ನುವ ಅರ್ಥವೂ ಅದಕ್ಕಿದೆ, ಕಲಿಸು ಅನ್ನುವ ಅರ್ಥವೂ ಇದೆ. ಹಲ್ಮಿಡಿ ಶಾಸನ ಅನ್ನುವಾಗಿನ ಕಲ್ಲಿನ ಬರಹಕ್ಕೂ, ಸಭೆಯಲ್ಲಿ ಪಾಸಾಗುವ ಶಾಸನಕ್ಕೂ ನಾವು ಒಂದೇ ಪದ ಇಟ್ಟುಕೊಂಡಿದ್ದೇವೆ. ಅಥೆನ್ಸಿನವನ ಕಾನೂನು ಮರದ ಮೇಲಿತ್ತು, ಅವನು ಕಿತ್ತದ್ದು ಕಲ್ಲನ್ನು. ನಮ್ಮಲ್ಲಿ ಕಾನೂನಿನ ಹೆಸರಿನಲ್ಲೇ ಕಲ್ಲಿದೆ.

ಒಂದು ತೊಡಕು ಮಾತ್ರ ಇದೆ. ಕರ್ನಾಟಕದಲ್ಲಿ ಬರಿ ಶಾಸಕ ಅಂದರೆ ಜನ ವಿಧಾನಸಭೆಯ 224 ಜನರಲ್ಲಿ ಒಬ್ಬರು ಅಂತ ತಿಳಿಯುತ್ತಾರೆ. ಪರಿಷತ್ತಿನ 75 ಜನರಿಗೆ ವಿಧಾನ ಪರಿಷತ್ ಸದಸ್ಯ ಅಂತಲೇ ಬರೆಯುವುದು ರೂಢಿ. ಸೋಲನ್ ಎರಡೂ ಮನೆಗೆ ಸಲ್ಲುವ ಪದ. ಹಾಗಾಗಿ ಮೂಲ ಸುದ್ದಿಯನ್ನು ಪೂರ್ತಿ ಓದದೆ ಅನುವಾದ ಮಾಡಬೇಡಿ. ಅಮೆರಿಕದ ಒಂದು ರಾಜ್ಯದ ಸಭೆಯ ಸುದ್ದಿ ಆಗಿದ್ದರೆ ‘ತೆರಿಗೆ ಮಸೂದೆಗೆ ಶಾಸಕರ ಅಸ್ತು’. ವಾಷಿಂಗ್ಟನ್ನಿನ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತಿನದಾಗಿದ್ದರೆ ‘ತೆರಿಗೆ ಮಸೂದೆಗೆ ಸಂಸದರ ಅಸ್ತು’. ಮೂಲದ ಓಕೆಗೆ ನಮ್ಮ ಅಸ್ತು ಸರಿಯಾಗಿ ಕೂತಿದೆ, ಜಾಗವೂ ಜಾಸ್ತಿ ತಿಂದಿಲ್ಲ.